ಮೋತಿಯಾ ಗಿಡದ ಬುಡದ ಉಪ್ಪು

ನನ್ನ ಹೆಂಡತಿ ದೇವಕಮ್ಮನಿಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುತ್ತಾಳೆ, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಎನ್ನುತ್ತಾಳೆ. ಅಂಥವಳು ಶಹಾಪುರ, ಸುರಪುರ ಕಡೆಯ ಹೆಂಗಸರನ್ನು ಸೇರಿಸಿ ವಾಟ್ಸಾಪಿನಲ್ಲಿ ‘ಹಸಿರು ಅಂಗಳ’ ಎಂಬ ಗುಂಪು ಕಟ್ಟಿದಳು. ಮನೆಯ ಗಿಡಗಳ ಫೋಟೊ ಹಾಕುವುದು, ಇನ್ನೊಬ್ಬರ ಗಿಡ ಹೊಗಳುವುದು, ಇಷ್ಟೇ ಕೆಲಸ. ಇವಳೂ ಬಾಯ್ತುಂಬ ಹೊಗಳುತ್ತಿದ್ದಳು. ಹೊಗಳಿ ಫೋನು ಕೆಳಗಿಟ್ಟು, "ಇದು ಆಕಿ ಮನಿ ಗಿಡ ಅಲ್ರಿ, ನರ್ಸರ್ಯಾಗ ನಿಂತು ಫೋಟೊ ತಗದಾಳ" ಎಂದು ನನಗೆ ತೀರ್ಪು ಕೊಡುತ್ತಿದ್ದಳು.

ಶಹಾಪುರದ ನಮ್ಮ ಮನೆಯ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿದೆ. ಗೋಡೆಗುಂಟ ಡಬ್ಬಿ, ಒಡೆದ ಬಕೆಟ್ಟುಗಳಲ್ಲಿ ದಾಸವಾಳ, ಕರಿಬೇವು, ಬದನೆ. ಕಲ್ಲು ಕಿತ್ತು ನೆಲಕ್ಕೇ ಹಚ್ಚಿದ್ದು ಒಂದೇ ಒಂದು, ದುಂಡುಮಲ್ಲಿಗೆ. ಅದನ್ನು ಕೊಟ್ಟ, ಅದೇ ಗುಂಪಿನ ಖುರ್ಷೀದಬೇಗಂ ಮೋತಿಯಾ ಎನ್ನುತ್ತಿದ್ದುದರಿಂದ ನಮಗೂ ಅದೇ ರೂಢಿಯಾಯಿತು.

ಖುರ್ಷೀದಬೇಗಂ ಅವರ ಗಂಡ ಕಾಲುವೆಯ ಗೇಟು ಕಾಯುತ್ತಿದ್ದವರು. ಅವರ ನೌಕರಿಯೆಲ್ಲ ಕಾಲುವೆ ಕಾಲೊನಿಯ ಒಂದೇ ಕ್ವಾರ್ಟರ್ಸಿನಲ್ಲಿ ಕಳೆಯಿತು. ಆ ಬಾಗಿಲಲ್ಲೇ ತಾಯಿಗಿಡ ಇತ್ತು. ನಿವೃತ್ತಿಯ ನಂತರ ಆ ಸಾಲನ್ನೇ ಕೆಡವಿದರು, ಗಿಡವೂ ಹೋಯಿತು. ಕೆಡವುವ ಮೊದಲು ಆಕೆ ಒಂದು ಟೊಂಗೆಯನ್ನು ಮಣ್ಣಿಗೆ ಬಗ್ಗಿಸಿ, ಬೇರು ಬರಿಸಿ, ಮಗುವಿನಂತೆ ಎದೆಗವಚಿಕೊಂಡು ಬಸ್ಸಿನಲ್ಲಿ ತಂದು ದೇವಕಿಯ ಕೈಗಿಟ್ಟಿದ್ದರು. ಈಗ ಅವರಿರುವುದು ಸುರಪುರದಲ್ಲಿ, ಮಹಡಿಯ ಬಾಡಿಗೆ ಕೋಣೆಯಲ್ಲಿ. ಅಲ್ಲಿ ಗಿಡ ಹಚ್ಚಲು ಬೊಗಸೆ ಮಣ್ಣಿಲ್ಲ. ಹಾಗಾಗಿ ಆ ಗಿಡದ ಕುಡಿ ಅಂತ ಭೂಮಿಯ ಮೇಲೆ ಉಳಿದದ್ದು ನಮ್ಮ ಅಂಗಳದಲ್ಲಿ ಮಾತ್ರ.

"ನಮ್ಮ ಮೋತಿಯಾ ಹ್ಯಾಂಗದ?" ಎಂದು ವಾರಕ್ಕೊಮ್ಮೆ ಅವರ ಮೆಸೇಜು ಬರುತ್ತಿತ್ತು.

"ಕೊಟ್ಟ ಮ್ಯಾಲೂ ನಮ್ಮ ಅಂತಾಳ ನೋಡ್ರಿ. ಮನಸ್ಸಿನ್ಯಾಗ ಏನೋ ಅದ" ಎಂದು ದೇವಕಿ ಗೊಣಗುತ್ತಲೇ ಫೋಟೊ ತೆಗೆಯುತ್ತಿದ್ದಳು. ಸಂಜೆ ಚಹಾ ಕುಡಿಯುವಾಗ ನಮ್ಮವ್ವ ತಿಮ್ಮವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಬಂದ ಹೊಗಳಿಕೆಯನ್ನೆಲ್ಲ ಗಟ್ಟಿಯಾಗಿ ಓದುವುದು ಅವಳ ಸಂಭ್ರಮ. ಅವ್ವನಿಗೆ ಓದು ಬಾರದು. ಕೆಂಭಾವಿಯ ಮೌನಮ್ಮ, "ಯಪ್ಪಾ, ಎಷ್ಟು ಹೂವ್ರಿ!" ದುರಗಮ್ಮ, "ನಮ್ಮ ಮನ್ಯಾಗ ಇಂಥಾದ್ದೊಂದೂ ಇಲ್ಲ ನೋಡ್ರಿ." ಖುರ್ಷೀದಬೇಗಂ ಮಾತ್ರ ಯಾವಾಗಲೂ ಒಂದೇ ಶಬ್ದ, "ಮಾಷಾಲ್ಲಾ."

"ಹೊಗಳಾಕೂ ಕೈ ಬರಂಗಿಲ್ಲ ಆಕಿಗೆ" ಎನ್ನುತ್ತಿದ್ದಳು ದೇವಕಿ. ಅವ್ವ ಚಹಾದ ಬಸಿ ಕೆಳಗಿಟ್ಟು ಏಳುತ್ತಿದ್ದಳು.

ಬೇಸಿಗೆ ಹತ್ತಿರವಾದಂತೆ ಮೋತಿಯಾದ ಎಲೆಗಳ ಅಂಚು ಕಂದಿತು. ಮೊದಲ ಆರೋಪಿ ನಾನು. ಗಾಡಿ ತೊಳೆದ ಸೋಪಿನ ನೀರು ಬುಡಕ್ಕೆ ಬಿಟ್ಟೆನಂತೆ. ನನ್ನ ವಿಚಾರಣೆ ಮುಗಿಯುವಷ್ಟರಲ್ಲಿ ಖುರ್ಷೀದಬೇಗಂ ಗಿಡ ನೋಡಲು ಬಂದರು. ಬಹಳ ಹೊತ್ತು ಅದರ ಪಕ್ಕ ಕೂತು, ಎಲೆ ಸವರಿ, ತಮ್ಮ ಬಾಟಲಿಯಲ್ಲಿ ಉಳಿದ ನೀರನ್ನು ಬುಡಕ್ಕೆ ಸುರಿದು ಹೋದರು. ದೇವಕಿ ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಮರುದಿನ ಬುಡದ ಮಣ್ಣಿನ ಮೇಲೆ ಬೆಳ್ಳಗೆ ಹಕ್ಕಳೆ ಕಟ್ಟಿತ್ತು.

ಆ ಬಿಳುಪು ನನಗೆ ಹೊಸದಲ್ಲ. ಕಾಲುವೆ ಬಂದ ಮೇಲೆ ನಮ್ಮಪ್ಪನೂ ಎಲ್ಲರಂತೆ ಹೊಲದಲ್ಲಿ ನೀರು ನಿಲ್ಲಿಸಿ ಭತ್ತ ಹಚ್ಚಿದ. ತಗ್ಗಿನ ಹೊಲ ಸವಳು ಹಿಡಿದು ಹೀಗೇ ಬೆಳ್ಳಗಾಗಿತ್ತು. ಬೆರಳಿಗೆ ಹಚ್ಚಿ ನಾಲಗೆಗಿಟ್ಟೆ. ಉಪ್ಪು.

"ಹೊಲಕ್ಕ ಸವಳು ಬರ್ತದ, ಒಪ್ತೀನಿ. ಫರಸಿ ನಡುವ ಒಂದು ಗಿಡಾ ಹುಡಿಕ್ಯಾಡಿಕೋತ ಬರ್ತದೇನು?" ಎಂದಳು ದೇವಕಿ. "ಆ ಬಾಟ್ಲ್ಯಾಗ ಏನಿತ್ತೋ ಯಾರಿಗೆ ಗೊತ್ತು!"

"ತಾನು ಕೊಟ್ಟ ಗಿಡಾ ತಾನ ಯಾಕ ಕೊಲ್ತಾಳ?"

"ತನಗ ಜಾಗ ಇಲ್ಲ. ನಮಗೂ ಇರಬಾರದು ಅಂತ."

ನಾನು ಗದರಿದೆ. ಆದರೂ ಆ ಬಾಟಲಿ ಒಂದು ಗಳಿಗೆ ನನ್ನ ಕಣ್ಣಮುಂದೆಯೂ ಸುಳಿಯಿತು. ಸಂಶಯ ಅಂಟುರೋಗ, ಒಂದೇ ಮನೆಯಲ್ಲಿದ್ದರೆ ತಗಲದೆ ಇರುವುದಿಲ್ಲ.

ಅಂದೇ ಒಂದು ಮಾತೂ ಕೇಳದೆ ದೇವಕಿ ಖುರ್ಷೀದಬೇಗಂ ಅವರನ್ನು ಗುಂಪಿನಿಂದ ತೆಗೆದಳು. ಅವರ ಫೋನು ಬಂದರೆ ಎತ್ತಲಿಲ್ಲ. ಗಿಡ ಇನ್ನಷ್ಟು ಸೊರಗಿದ್ದು ಗುಂಪಿನ ಬೇರೆಯವರ ಬಾಯಿಂದ ತಿಳಿದರೆ ಆಕೆ ಖುಷಿಪಡುತ್ತಾಳೆ ಎಂದು, ಹಿಂದೆ ತೆಗೆದಿದ್ದ ಹೂಬಿಟ್ಟ ಫೋಟೊಗಳನ್ನೇ ಇವತ್ತಿನವು ಎನ್ನುವಂತೆ ಗುಂಪಿಗೆ ಹಾಕತೊಡಗಿದಳು. ಹೊಗಳಿಕೆ ಹರಿದು ಬಂತು. ಸಂಜೆಯ ಓದು ನಿಲ್ಲಲಿಲ್ಲ. ಫೋಟೊದಲ್ಲಿ ಮೋತಿಯಾ ಮೊಗ್ಗು ಬಿಡುತ್ತಲೇ ಇತ್ತು, ಅಂಗಳದಲ್ಲಿ ಎಲೆ ಉದುರಿಸುತ್ತಲೇ ಇತ್ತು. ಖುರ್ಷೀದಬೇಗಂ ಮತ್ತೆ ಬಾರದಂತೆ ಅಂಗಳದ ಗೇಟಿಗೆ ಬೀಗ ಬಿತ್ತು. ಬೀಗ ಹಾಕಿದ ಮೇಲೆ ಬಿಳುಪು ಇನ್ನೂ ದಪ್ಪಗಾಯಿತು. ಆಗ ನಿಜಕ್ಕೂ ನನಗೆ ಹೆದರಿಕೆಯಾಯಿತು.

ಒಂದು ಸಂಜೆ ಓದು ಮುಗಿದು ದೇವಕಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಗಾಡಿಯ ಚಾವಿ ಹುಡುಕುತ್ತ ಹೊರಗೆ ಬಂದೆ. ಅವ್ವ ಮೋತಿಯಾದ ಸುತ್ತ ಮುಷ್ಟಿ ತಿರುಗಿಸುತ್ತಿದ್ದಳು. ತಿರುಗಿಸಿ, ಮುಷ್ಟಿಯಲ್ಲಿದ್ದ ಉಪ್ಪನ್ನು ಚೆಂಬಿನ ನೀರಿಗೆ ಹಾಕಿ ಕಲಕಿ, ಬುಡಕ್ಕೆ ಸುರಿದಳು.

"ಅವ್ವಾ!" ಎಂದು ಕೂಗಿದೆ. ದೇವಕಿ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಯಾಕ ಒದರ್ತೀಯೋ ಅಂಬ್ರಾ? ದೃಷ್ಟಿ ತಗಿಯಾಕತ್ತೇನಿ" ಎಂದಳು ಅವ್ವ. "ದಿನಾ ಅಷ್ಟು ಮಂದಿ ಕಣ್ಣು ಹಾಕ್ತಾರ, ಗಿಡ ಉಳಿತದೇನು? ಬುದ್ಧನ ಫೋಟೊ ಇದ್ದ ಮನ್ಯಾಗ ಇಂಥಾವು ನಡಿಯಂಗಿಲ್ಲ ಅಂತ ನಿನ್ನ ಹೆಣ್ತಿ ಹೇಳ್ಯಾಳ. ಅದಕ್ಕ ಕದ್ದು ಮಾಡಾಕತ್ತೇನಿ."

"ಆ ಉಪ್ಪು ಗಿಡದ ಬುಡಕ್ಕ ಯಾಕ ಹಾಕ್ತಿ?"

"ದೃಷ್ಟಿ ತಗದದ್ದು ತುಳಿಯೋ ಕಡಿ ಚೆಲ್ಲಬಾರದು. ಎಲ್ಲಾ ಕಡಿ ಫರಸಿ ಹಾಸೀರಿ. ಯಾರೂ ತುಳಿಲಾರದ ಜಾಗ ಇದೊಂದ ಅದ."

ದೇವಕಿಯ ದನಿ ಇಳಿದಿತ್ತು. "ಅತ್ತಿ, ಮೊದಲಿಂದ ಇಷ್ಟ ಹಾಕ್ತಿದ್ರೇನು?"

"ಇಲ್ಲವ್ವಾ, ಮೊದಲು ಒಂದೀಟ ಹಾಕ್ತಿದ್ದೆ. ಖುರ್ಷೀದಬೇಗಂ ಮಾಷಾಲ್ಲಾ ಅಂತಿದ್ಲಲ್ಲ, ಹಂಗಂದ್ರ ಕಣ್ಣು ತಾಕಂಗಿಲ್ಲಂತ. ಆಕಿನ ನನಗ ಹೇಳ್ಯಾಳ. ಈಗ ನೀ ಓದೋದ್ರಾಗ ಆ ಮಾತ ಬರವಲ್ದು. ಕಾಯಾಕ ಯಾರೂ ಇಲ್ಲಂತ ಮುಷ್ಟಿ ತುಂಬ ಹಾಕಾಕತ್ತೇನಿ."

ದೇವಕಿ ಗಿಡದ ಮುಂದೆ ಕುಕ್ಕರಿಸಿದಳು. ಒಂದು ಟೊಂಗೆ ಹಿಡಿದಳು, ಅದು ಲಟ್ಟನೆ ಮುರಿಯಿತು. ಇನ್ನೊಂದು ಹಿಡಿದಳು, ಅದೂ ಮುರಿಯಿತು. ಬುಡದ ತನಕ ಎಲ್ಲೂ ಹಸಿ ಇರಲಿಲ್ಲ. ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ತಾನಾಗಿಯೇ ಖುರ್ಷೀದಬೇಗಂ ಅವರಿಗೆ ಫೋನು ಹಚ್ಚಿದಳು.

ಒಂದೇ ರಿಂಗಿಗೆ ಎತ್ತಿದರು. ಗುಂಪಿನಿಂದ ಯಾಕೆ ತೆಗೆದೆ ಎಂದು ಕೇಳಲಿಲ್ಲ, ಫೋನು ಯಾಕೆ ಎತ್ತಲಿಲ್ಲ ಎಂದೂ ಕೇಳಲಿಲ್ಲ.

"ದೇವಕಿ, ಛಲೋ ಅದೀಯೇನವ್ವಾ? ನಮ್ಮ ಮೋತಿಯಾ ಹ್ಯಾಂಗದ?"

ದೇವಕಿ ನೆಲದ ಮೇಲೆ ಬಿದ್ದ ಮುರಿದ ಟೊಂಗೆಗಳನ್ನು ನೋಡಿದಳು. ಆ ಕಡೆಯಿಂದ "ಹಲೋ, ಹಲೋ" ಎನ್ನುತ್ತಲೇ ಇದ್ದರು. ಅವಳು ಫೋನನ್ನು ನನ್ನ ಕೈಗೆ ತುರುಕಿ ಮುಖ ಮುಚ್ಚಿಕೊಂಡಳು. ಹೇಳುವ ಕೆಲಸ ನನ್ನ ಪಾಲಿಗೆ ಬಂತು.