ಎಡಗೈ ವೀರಭದ್ರ

ನಮ್ಮ ಮನೆಯ ವೀರಭದ್ರ ಕತ್ತಿ ಹಿಡಿದಿರುವುದು ಎಡಗೈಯಲ್ಲಿ. ಇದು ಮರದ ಅಚ್ಚು ಕೆತ್ತಿ ಆ ದೇವರನ್ನು ಹಾಳೆಗೆ ಒತ್ತಿದ ಮುತ್ತಾತ ಷಣ್ಮುಖಪ್ಪನ ಕೃಪೆ. ದೇವರ ಚಿತ್ರವನ್ನು ಹಾಳೆಯಲ್ಲಿ ಬರೆದು, ಅದನ್ನು ಬೋರಲಾಗಿ ಹಲಗೆಗೆ ಅಂಟಿಸಿ ಕೆತ್ತಬೇಕು; ಆಗ ಅಚ್ಚೊತ್ತಿದರೆ ಬಲಗೈ ಬಲಗೈಯಾಗಿಯೇ ಬರುತ್ತದೆ. ಮುತ್ತಾತ ಅಂಗಾತ ಅಂಟಿಸಿಬಿಟ್ಟಿದ್ದ. ತಪ್ಪು ಕಣ್ಣಿಗೆ ಬೀಳುವಷ್ಟರಲ್ಲಿ ಪಕ್ಕದ ಶಿವನಿ ಊರಿನ ನೆಂಟರಿಗೆಲ್ಲ ಹಾಳೆ ಹಂಚಿ, ಪೂಜೆಯೂ ಮುಗಿದಿತ್ತು. ಪೂಜೆಯಾದ ದೇವರನ್ನು ತಿದ್ದುವ ಧೈರ್ಯ ಯಾರಿಗಿದೆ?

ನನ್ನ ಹೆಂಡತಿ ಕೋಮಲಾಳಿಗೂ ಎಡಗೈಯೇ ವಾಟ. ಅಜ್ಜಂಪುರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಎಡಗೈಯಲ್ಲೇ ಅನ್ನ ಬಡಿಸಲು ಹೋದಳು. ನಮ್ಮಮ್ಮ ದಾಕ್ಷಾಯಣಮ್ಮ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. ಅಂದಿನಿಂದ ಕೋಮಲಾ ಬಲಗೈಯಲ್ಲಿ ಬಡಿಸುತ್ತಾಳೆ. ಸಾರು ನೆಲಕ್ಕೂ ಅಷ್ಟಿಷ್ಟು ಸಿಗುತ್ತದೆ. ನಾನು ನಗುತ್ತಿದ್ದೆ. ಅವಳಿಗೆ ಮಾತ್ರ ಆ ತಟ್ಟೆ ಮರೆತುಹೋಗಿರಲಿಲ್ಲ, ಈ ಮನೆ ಇನ್ನೂ ತನ್ನದು ಅನ್ನಿಸಿರಲಿಲ್ಲ.

ಈ ವರ್ಷ ದೇವರ ಹಾಳೆಗೆ ಹುಳ ಬಿತ್ತು. ಅಚ್ಚಿನ ಹಲಗೆ ಎಂದೋ ಗೆದ್ದಲ ಪಾಲಾಗಿತ್ತು. ಕೋಮಲಾ ತರೀಕೆರೆಯಲ್ಲಿ ಡ್ರಾಯಿಂಗ್ ಟೀಚರ್. ಹೊಸ ಅಚ್ಚಿನ ಕೆಲಸ ಅವಳ ತಲೆಗೇ ಬಂತು. ಹಲಸಿನ ಹಲಗೆ ತರಿಸಿ, ಚಿತ್ರವನ್ನು ಸರಿಯಾಗಿ ಬೋರಲು ಅಂಟಿಸಿ, ಕೆತ್ತಿ, ಮಸಿ ಸವರಿ, ಹಾಳೆ ಹಾಸಿ ಸೌಟಿನ ಬೆನ್ನಿನಿಂದ ಉಜ್ಜಿ ತೆಗೆದಳು. ಕತ್ತಿ ಬಲಗೈಗೆ ಬಂದಿತ್ತು.

ಅಮ್ಮ ಕನ್ನಡಕ ಏರಿಸಿದಳು. "ಇವನ್ಯಾರೇ?"

"ವೀರಭದ್ರಸ್ವಾಮಿ ಅತ್ತೆ. ಈಗ ಸರಿಯಾಗಿದಾನೆ."

"ಸರಿಯಾಗಿರೋನು ಮಠದಲ್ಲಿರ್ಲಿ ಬಿಡು. ನಮ್ಮನೆಯೋನು ಎಡಗೈಯೋನು ಕಣೇ. ಇವನಿಗೆ ಕೈ ಮುಗಿಯೋಕೆ ನಂಗೆ ಮನಸ್ಸೇ ಬರಲ್ಲ."

ಕೋಮಲಾ ಇನ್ನೊಂದು ಹಲಗೆ ತರಿಸಿ, ಮುತ್ತಾತನ ತಪ್ಪನ್ನು ಬೇಕೆಂದೇ ಮಾಡಿದಳು. ಎಡಗೈ ದೇವರು ಬಂದ. ಅಮ್ಮ ಕಣ್ಣಿಗೊತ್ತಿಕೊಂಡು, ವಿಭೂತಿ ಹಚ್ಚಿ, ಖುಷಿಯಾಗಿ ಊಟಕ್ಕೆ ಕೂತಳು.

ಕೋಮಲಾ ಅನ್ನದ ಸೌಟನ್ನು ಎಡಗೈಯಲ್ಲಿ ಹಿಡಿದು ಎದುರು ನಿಂತಳು. ಕೈ ನಡುಗುತ್ತಿತ್ತು. "ಬಡಿಸ್ಲಾ ಅತ್ತೆ?"

ಅಮ್ಮನ ಕೈ ತಟ್ಟೆಯ ಅಂಚಿಗೆ ಹೋಯಿತು. "ಅವನು ದೇವ್ರು ಕಣೇ!"

"ನಾನು ಸೊಸೆ."

ಅಮ್ಮ ನನ್ನತ್ತ ನೋಡಿದಳು. ನಾನು ಜಾಣನಂತೆ ಉಪ್ಪಿನಕಾಯಿ ನೋಡುತ್ತ ಕೂತೆ. ಅಮ್ಮ ಗೋಡೆಯ ಮೇಲಿದ್ದ ಹೊಸ ಹಾಳೆಯತ್ತ ತಿರುಗಿದಳು. ಅಲ್ಲಿಂದಲೂ ಸಹಾಯ ಬರಲಿಲ್ಲ. ತಟ್ಟೆಯನ್ನು ನಿಧಾನವಾಗಿ ಮುಂದಕ್ಕೆ ತಳ್ಳಿದಳು.

"ಹಾಕು. ಕೈ ಯಾಕೆ ಹಂಗೆ ನಡುಗುತ್ತೆ? ನಿಂದೇ ಮನೆ ಕಣೇ."

ಕೋಮಲಾ ಅಳುತ್ತಲೇ ಬಡಿಸಿದಳು.