ಹದಿನೆಂಟು ಹಾಳೆಯಷ್ಟು ಹೊತ್ತು

ಖಾಲಿ ಬಾಗಿಲು. ಆಮೇಲೆ ಚೌಕಟ್ಟಿನ ಮೇಲೆ ನಾಲ್ಕು ಬೆರಳು, ಮೊಣಕೈ, ಬೆನ್ನು. ಅಮ್ಮ ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಮನೆಯೊಳಗೆ ಬಂದಳು. ಹೆಗಲ ಚೀಲ ಹಗುರಾಗಿ ಮೊಳೆಗೆ ಮರಳಿತು.

ತಪ್ಪು ಅಕ್ಕನದು. ಅಡಿಯಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಹಾಳೆಯ ಮೇಲೆ ಹಾಳೆಯಿಟ್ಟು ಚಿತ್ರ ಬರೆಯುವವಳು ನಾನು; ಕಟ್ಟಿನ ಮೇಲ್ತುದಿಗೆ ಯಾವಾಗಲೂ ಕೊನೆಯ ಚಿತ್ರವೇ ಇರುತ್ತದೆ. ಅವಳು ಮೇಲಿನಿಂದಲೇ ಎತ್ತಿ ಸ್ಕ್ಯಾನ್ ಮಾಡಿಬಿಟ್ಟಿದ್ದಳು. ನಮ್ಮ ಮೂರು ನಿಮಿಷದ ಆನಿಮೇಷನ್ ಸಿನಿಮಾದ ಕೊನೆಯ ದೃಶ್ಯ ಕಂಪ್ಯೂಟರಿನಲ್ಲಿ ಉಲ್ಟಾ ಓಡಿತು.

"ಒಂದು ಬಟನ್ ಒತ್ತಿದ್ರೆ ಸರಿಹೋಗುತ್ತೆ ಬಿಡೆ," ಎಂದಳು. ಆದರೆ ಒತ್ತಲಿಲ್ಲ. ಕಿಟಕಿಯ ಪರದೆಯಲ್ಲಿ ಸೋಸಿದ ಮಧ್ಯಾಹ್ನದ ಬಿಸಿಲು ಕೋಣೆಗೆಲ್ಲ ಜೇನಿನ ಬಣ್ಣ ಹಚ್ಚಿತ್ತು. ಅಮ್ಮ ಇನ್ನೊಮ್ಮೆ ಬಂದಳು. ಮತ್ತೊಮ್ಮೆ ಬಂದಳು.

ಅವಳು ನಮ್ಮನ್ನು ಬಿಟ್ಟು ಹೋದಾಗ ನನಗೆ ನಾಲ್ಕು, ಅಕ್ಕನಿಗೆ ಹನ್ನೊಂದು. ಆ ದಿನದ ಬಗ್ಗೆ ಅಕ್ಕ ಹೇಳುತ್ತಿದ್ದದ್ದು ಇಷ್ಟೇ: ಹೊರಟಳು, ಹೊಸಿಲು ದಾಟಿದಳು, ಒಂದು ಗಳಿಗೆಯೂ ನಿಲ್ಲಲಿಲ್ಲ. ನಲವತ್ತು ವರ್ಷ ಆ ಮಾತಿಗೇ ಬೆನ್ನು ಆನಿಸಿ ಕೂತಿದ್ದೆವು, ಇಬ್ಬರೂ.

ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ಅಕ್ಕನ ಕಸುಬು. ಉದ್ದ ಎಳೆದದ್ದು ಅವಳಿಗೆ ಆಗಿಬರುವುದಿಲ್ಲ. ಮದುಮಗ ನಕ್ಕದ್ದನ್ನೂ ಅರ್ಧಕ್ಕೆ ಕತ್ತರಿಸಿದವಳು ಎಂದು ನಾನು ಛೇಡಿಸುವುದುಂಟು. ಈಗ ಆ ಬೆರಳುಗಳ ಹತ್ತಿರ ನಿಲ್ಲಿಸಿ ಎಣಿಸಿದಳು. ಹದಿನೆಂಟು ಹಾಳೆ. ಸೆಕೆಂಡಿಗೆ ಹನ್ನೆರಡರಂತೆ ಒಂದೂವರೆ ಸೆಕೆಂಡು.

"ಇಷ್ಟು ಹೊತ್ತು ಯಾಕೆ ಹಿಡ್ಕೊಂಡಿದ್ದಾಳೆ? ನೋಡೋಕೆ ಚೆಂದ ಇರ್ಲಿ ಅಂತಾನಾ? ಹಾಗಿದ್ರೆ ತೆಗೀತೀನಿ."

ಗೊತ್ತಿಲ್ಲ ಎಂದೆ. ಬರೆಯುವಾಗ ಪೆನ್ಸಿಲ್ ಅಲ್ಲಿಂದ ಏಳಲು ಒಪ್ಪಿರಲಿಲ್ಲ. ಅಮ್ಮನ ಮುಖ ನನಗೆ ನೆನಪಿಲ್ಲ. ಆ ದಿನ ಹೊಸಿಲ ಪಕ್ಕ ಕೂತಿದ್ದ ನನ್ನ ಕಣ್ಣಿಗೆ ಸಿಕ್ಕಿದ್ದು ಆ ಕೈಯೊಂದೇ.

ಅಕ್ಕ ಚಿತ್ರವನ್ನು ದೊಡ್ಡದು ಮಾಡಿದಳು. ತೋರುಬೆರಳಿನ ಸುತ್ತ ಬಟ್ಟೆಯ ಪಟ್ಟಿ, ಅದರ ಮೇಲೊಂದು ಒಡ್ಡೊಡ್ಡಾದ ಗಂಟು.

"ಇದನ್ನ ನಿಂಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ.

"ಹಿಂದಿನ ದಿನ ಚಾಕು ತಾಗಿತ್ತು. ಕಟ್ಟಿದ್ದು ನಾನೇ." ಕಂಪ್ಯೂಟರಿನಲ್ಲಿದ್ದ ಆ ಗಂಟಿನ ಮೇಲೆ ಅಕ್ಕ ಬೆರಳಿಟ್ಟಳು. "ಅವಳು ಹೊರಟಾಗ ನಾನು ಸಿಟ್ಟಲ್ಲಿ ಗೋಡೆ ಕಡೆ ತಿರುಗಿ ನಿಂತಿದ್ದೆ ಕಣೇ ಪುಟ್ಟಿ. ಅವಳು ನಿಂತ್ಲೋ ಇಲ್ವೋ, ನಾನು ನೋಡ್ಲೇ ಇಲ್ಲ."

ದೃಶ್ಯವನ್ನು ಸರಿಯಾದ ಕ್ರಮಕ್ಕೆ ತಿರುಗಿಸಿದಳು. ಅಮ್ಮ ಚೀಲ ಹೆಗಲಿಗೇರಿಸಿ ಹೊರಟಳು, ಹೊಸಿಲು ದಾಟಿದಳು. ಕೈ ಮಾತ್ರ ಚೌಕಟ್ಟಿನ ಮೇಲೆ ಉಳಿಯಿತು. ಹದಿನೆಂಟೂ ಹಾಳೆ ಮುಗಿದ ಮೇಲೆ ಮೆಲ್ಲಗೆ ಸಡಿಲವಾಯಿತು.

"ಆ ಕೈಗೆ ಇನ್ನೊಂದು ಆರು ಹಾಳೆ ಬರೀತೀಯಾ?" ಎಂದಳು ಅಕ್ಕ.