ಮೈ ತೊಳೆದವನ ಹೇಳಿಕೆ

ನೀಲಿಕೈ ಸತ್ತ ಒಂಬತ್ತನೇ ದಿನ ಅವನ ಹೆಂಡತಿ ಅವನು ನಿಲ್ಲುತ್ತಿದ್ದ ಜಾಗಕ್ಕೇ ಕೆಲಸಕ್ಕೆ ಬಂದಳು.

ಜಾಗ ಅಂದರೆ ಏನು ಮಹಾ! ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನ ಒಂದು ಮೂಲೆ. ಮೇಲೆ ತಗಡು. ನೀರು ಕಾಯಿಸುವ ಬಾಯ್ಲರ್, ಮೂರು ದೊಡ್ಡ ತೊಟ್ಟಿ, ಬಟ್ಟೆ ಹಿಂಡುವ ಒಂದು ಯಂತ್ರ. ತೊಟ್ಟಿಯಿಂದ ಉಕ್ಕಿದ ನೀರು ಹರಿದುಹೋಗಲಿ ಎಂದು ಚರಂಡಿಯೇನೋ ಇದೆ, ಆದರೆ ಅದು ಕಟ್ಟಿಕೊಂಡು ಎರಡು ವರ್ಷವಾಯಿತು. ಹಾಗಾಗಿ ನೀರು ಎಲ್ಲಿಗೂ ಹೋಗುವುದಿಲ್ಲ. ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ಹನ್ನೆರಡು ಜನ ಬರಿಗಾಲಲ್ಲಿ ನಿಂತು ಬೆಳಗಿನಿಂದ ಸಂಜೆವರೆಗೆ ದುಡಿಯುತ್ತಾರೆ. ಅವರಿಗೆಲ್ಲ ರಬ್ಬರ್ ಬೂಟು ಕೊಡಬೇಕೆಂದು ಕಾನೂನಿದೆಯಂತೆ. ಅಲ್ಲಿರುವುದು ಒಂದೇ ಜೊತೆ, ಅದು ಮೇಸ್ತ್ರಿಯ ಕಾಲಲ್ಲಿದೆ.

ನೀಲಿಕೈ ಅಲ್ಲಿ ಹದಿನಾಲ್ಕು ವರ್ಷ ದುಡಿದ. ಬಣ್ಣ ಚರ್ಮಕ್ಕೆ ಇಳಿದು, ಯಾವ ಸೋಪಿಗೂ ಜಗ್ಗದೆ, ಮೊಣಕೈವರೆಗೆ ಕೈ ನೀಲಿಯಾಗಿತ್ತು. ಅದೇ ಹೆಸರೂ ಆಯಿತು. ಒಂದು ಮಧ್ಯಾಹ್ನ ಹಿಂಡುವ ಯಂತ್ರದ ಮುಂದೆ ದೊಪ್ಪನೆ ಬಿದ್ದ. ಎದ್ದೇಳಲಿಲ್ಲ. ಹೃದಯ ನಿಂತುಹೋಯಿತು ಎಂದರು ಮಾಲೀಕರು. ಅವರ ಪರಿಚಯದ ಡಾಕ್ಟರು ಹಾಗೇ ಬರೆದುಕೊಟ್ಟರು. "ಆಸ್ಪತ್ರೆಗೆ ಒಯ್ದರೆ ಕೊಯ್ತಾರೆ ತಂಗಿ. ಹೋದವನಿಗೆ ಯಾಕೆ ಇನ್ನೂ ನೋವು ಕೊಡೋದು?" ಎಂದು ಮಾಲೀಕರೇ ಅವನ ಹೆಂಡತಿಗೆ ತಿಳಿಹೇಳಿದರು. ಅವಳು ಅಳುತ್ತಲೇ ಹೂಂ ಎಂದಳು. ಕತ್ತಲಾಗುವ ಮೊದಲೇ ಮಣ್ಣೂ ಆಯಿತು.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು. ಇದ್ದತ್ ಅಂತಾರೆ ಅದಕ್ಕೆ. ಅದಕ್ಕೂ ಮಾಲೀಕರೇ ದಾರಿ ಹುಡುಕಿದರು. ಹೊಟ್ಟೆಪಾಡಿಗೆ ಹಗಲು ಹೊತ್ತು ಹೊರಗೆ ಹೋಗಬಹುದು, ಧರ್ಮದಲ್ಲಿ ಅವಕಾಶವಿದೆ ಎಂದರು. ಬೀದಿಯೆಲ್ಲ ಅವರ ಹೊಗಳಿಕೆ. "ಗಂಡ ಸತ್ತ ಹತ್ತು ದಿನ ಆಗ್ಲಿಲ್ಲ, ಹೆಂಡತಿಗೆ ಕೆಲಸ ಕೊಟ್ರು ನೋಡಿ. ಯಾರು ಕೊಡ್ತಾರೆ ಈ ಕಾಲದಲ್ಲಿ?"

ಹೊಗಳದೆ ಕೂತವನು ದರ್ಜಿ ಚಾಚಾ ಒಬ್ಬನೇ. ಶೆಡ್ಡಿನ ಎದುರಿಗೆ ಮಸೀದಿ ಕಟ್ಟಡ, ಅದರ ಕೆಳಗಿನ ಮಳಿಗೆಯಲ್ಲಿ ಅವನ ಹೊಲಿಗೆ ಯಂತ್ರ. ಊಟದ ಡಬ್ಬಿ ಹಿಡಿದು ಶೆಡ್ಡಿನ ಬಾಗಿಲು ದಾಟುತ್ತಿದ್ದ ಅವಳನ್ನು ಕಂಡು ಅವನ ಕಾಲು ತುಳಿಯುವುದನ್ನು ಮರೆಯಿತು. ಯಾಕೆಂದರೆ ನೀಲಿಕೈಯ ಮೈ ತೊಳೆದವನು ಅವನೇ.

ಗಂಡಸರು ಸತ್ತರೆ ಮೈ ತೊಳೆದು ಕಫನ್ನಿನ ಬಿಳಿ ಬಟ್ಟೆ ಉಡಿಸುವುದು ಚಾಚಾ. ಹೆಂಗಸರಾದರೆ ಅವನ ಹೆಂಡತಿ ಚಾಚಿ. ಮೂವತ್ತು ವರ್ಷದ ಸೇವೆ, ಪುಣ್ಯದ ಕೆಲಸ. ಆ ಕೆಲಸಕ್ಕೊಂದು ಕಟ್ಟಳೆ ಇದೆ: ತೊಳೆಯುವಾಗ ಕಂಡದ್ದನ್ನು ಹೊರಗೆ ಹೇಳಕೂಡದು. ಹುಣ್ಣಿರಲಿ, ಊನವಿರಲಿ, ಮುಖ ಕಳೆಗೆಟ್ಟಿರಲಿ, ಬಾಯಿಗೆ ಬೀಗ. ಸತ್ತವನ ಊನ ಮುಚ್ಚಿಟ್ಟರೆ ಮುಚ್ಚಿಟ್ಟವನ ತಪ್ಪುಗಳನ್ನು ದೇವರು ಮನ್ನಿಸುತ್ತಾನೆ. ಗಂಡ ಹೆಂಡತಿ ತಮ್ಮತಮ್ಮೊಳಗೂ ಹೇಳಿಕೊಂಡವರಲ್ಲ. ಮನೆಗೆ ಬಂದು ತಲೆಗೆ ನೀರು ಹೊಯ್ದುಕೊಂಡು ಊಟಕ್ಕೆ ಕೂತರೆ ಮುಗಿಯಿತು.

ನೀಲಿಕೈ ಸತ್ತ ದಿನ ನೀರು ಹೊಯ್ಯಲು ಮೇಸ್ತ್ರಿಯೇ ಬಂದಿದ್ದ. ಚಾಚಾ ಬಲಗಡೆಯಿಂದ ಶುರುಮಾಡಿದ. ಭುಜ, ತೋಳು, ಕೈ. ಮುಷ್ಟಿ ಬಿಗಿದಿತ್ತು. ಬಿಡಿಸಲು ಸಾಕುಸಾಕಾಯಿತು. ಅಂಗೈ ನಡುವೆ ಒಂದು ಗುಳಿ, ಅಂಗಿಯ ಗುಂಡಿಯಷ್ಟು. ಸುತ್ತ ಸುಟ್ಟು ಕರಕಲು. ನೀಲಿ ಬಣ್ಣದಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಉಜ್ಜಿದ ಕೈಗೆ ಸಿಕ್ಕಿತು. ಎಡ ಅಂಗಾಲಿನಲ್ಲೂ ಅಂಥದ್ದೇ ಒಂದು. ಚಾಚಾನಿಗೆ ಓದು ಬರಹ ಕಮ್ಮಿ, ಆದರೆ ಕರೆಂಟು ಹೊಕ್ಕಿದ್ದು ಎಲ್ಲಿ, ಹೊರಟಿದ್ದು ಎಲ್ಲಿ ಎಂದು ತಿಳಿಯದಷ್ಟು ದಡ್ಡನೇನಲ್ಲ. ತಲೆ ಎತ್ತಿ ಮೇಸ್ತ್ರಿಯನ್ನು ನೋಡಿದ.

"ಚಾಚಾ, ಇಲ್ಲಿ ಕಂಡಿದ್ದು ಇಲ್ಲೇ ಬಿಡಬೇಕು ಅಲ್ವಾ?" ಎಂದ ಮೇಸ್ತ್ರಿ, ಚೊಂಬಿನಿಂದ ನೀರು ಹೊಯ್ಯುತ್ತಲೇ.

ಚಾಚಾ ಬಿಟ್ಟ. ಅಂಗೈ ಮಡಿಸಿದ, ಬಿಳಿ ಬಟ್ಟೆ ಸುತ್ತಿದ. ಹೊರಗೆ ಬಂದಾಗ ನೀಲಿಕೈಯ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಚಾಚಾ, ಎಲ್ಲಾದ್ರೂ ಗಾಯ ಇತ್ತಾ? ಬಿದ್ದಾಗ ಪೆಟ್ಟಾಗಿತ್ತಾ?"

"ಏನೂ ಇಲ್ಲ ತಾಯಿ. ಮಲಗಿದ ಹಾಗಿದ್ದ."

ಅಷ್ಟು ಸಲೀಸಾಗಿ ಸುಳ್ಳು ಬಂತಲ್ಲ ಬಾಯಿಗೆ! ಅವಳು ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಕೆಲಸಕ್ಕೆ ಸೇರಿದ ಮೂರನೇ ದಿನ ಹರಿದ ತೋಳು ಹೊಲಿಸಲು ಅವಳು ಮಳಿಗೆಗೆ ಬಂದಳು. ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತಲೇ ಇದ್ದಳು.

"ಕೈಗೇನಾಯ್ತು?"

"ಏನಿಲ್ಲ ಚಾಚಾ. ಯಂತ್ರದ ಹಿಡಿ ಮುಟ್ಟಿದ್ರೆ ಜುಮ್ ಅನ್ನುತ್ತೆ. ಹೊಸ ಕೆಲಸ ಅಲ್ವಾ, ಅಭ್ಯಾಸ ಆಗುತ್ತೆ ಅಂದ ಮೇಸ್ತ್ರಿ."

ಚಾಚಾನ ಸೂಜಿ ಬೆರಳಿಗೆ ಚುಚ್ಚಿತು. ಅವಳು ಹೋದ ಮೇಲೆ ಮಳಿಗೆಗೆ ಬಾಗಿಲು ಹಾಕಿ ನೇರ ಮಾಲೀಕರ ಮನೆಗೆ ನಡೆದ.

ಮಾಲೀಕರೆಂದರೆ ಬರೀ ಮಾಲೀಕರಲ್ಲ. ಮಸೀದಿ ಕಮಿಟಿಯ ಅಧ್ಯಕ್ಷರು. ಎಲ್ಲರ ಬಾಯಲ್ಲೂ ಸದರ್ ಸಾಹೇಬರು. ಎಲೆಕ್ಷನ್ ಬಂದರೆ ಎಲ್ಲ ಪಕ್ಷದವರೂ ಮೊದಲು ಮೆಟ್ಟುವುದು ಅವರ ಮನೆಯ ಮೆಟ್ಟಿಲು. ಗಲಾಟೆಯಾದರೆ ಶಾಂತಿ ಸಭೆಯಲ್ಲಿ ಬೇರೆ ಧರ್ಮದ ಗುರುಗಳ ಪಕ್ಕ ಅವರಿಗೊಂದು ಕುರ್ಚಿ. "ಧರ್ಮ ನನ್ನ ಎದೆಯೊಳಗಿರಲಿ, ಕಾನೂನು ಎಲ್ಲರಿಗೂ ಒಂದೇ ಇರಲಿ" ಎಂದು ಅವರು ವೇದಿಕೆಯ ಮೇಲೆ ಹೇಳಿದಾಗ ಚಾಚಾ ಅಂಗೈ ಉರಿಯುವಂತೆ ಚಪ್ಪಾಳೆ ತಟ್ಟಿದ್ದ. ಸುಮ್ಮನೆ ತಟ್ಟಿದ್ದಲ್ಲ. ಮಾಡದ ತಪ್ಪಿಗೆ ಪೊಲೀಸರು ಚಾಚಾನ ಮಗನನ್ನು ಎತ್ತಿಕೊಂಡು ಹೋದಾಗ ಇಡೀ ದಿನ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬಿಡಿಸಿಕೊಂಡು ಬಂದವರು ಇದೇ ಸಾಹೇಬರು. ಆ ಋಣ ಚಾಚಾನ ನಾಲಿಗೆಯ ಮೇಲೆಯೇ ಕೂತಿತ್ತು.

"ಬನ್ನಿ ಚಾಚಾ! ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ" ಎಂದು ಸಾಹೇಬರು ಎದ್ದು ನಿಂತೇ ಬರಮಾಡಿಕೊಂಡರು.

"ಆ ಯಂತ್ರದ ವೈರು ಒಂಚೂರು ನೋಡಿಸಿ ಸಾಹೇಬ್ರೆ. ಬೇರೇನೂ ಬೇಡ."

"ಯಾವ ವೈರು?"

"ನೀಲಿಕೈ ಅಂಗೈಯಲ್ಲಿ..."

"ಚಾಚಾ." ಸಾಹೇಬರ ದನಿ ಏರಲಿಲ್ಲ. "ಕಂಡಿದ್ದು ಆಡಬಾರದು ಅನ್ನೋದು ನಿಮಗೆ ನಾನು ಹೇಳ್ಕೊಡ್ಬೇಕಾ? ಮೂವತ್ತು ವರ್ಷದ ಪುಣ್ಯ ಒಂದೇ ಮಾತಲ್ಲಿ ನೀರಿಗೆ ಹಾಕ್ತೀರಾ?"

ಒಳಗಿನಿಂದ ಬಂದ ಚಹಾದ ಲೋಟವನ್ನು ಸಾಹೇಬರೇ ಚಾಚಾನ ಕೈಗಿಟ್ಟರು.

"ಬಾಯ್ಲರ್‌ನವನು ಈ ಸಾವಿನ ತನಿಖೆ ಆಗ್ಲಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದಾನೆ. ಅವನು ನಮ್ಮವನಲ್ಲ, ಅವನಿಗೇನು ಹೋಗ್ಬೇಕು? ನಾಳೆ ಆಫೀಸರು ಬರ್ತಾರೆ, ನಾಡಿದ್ದು ಪೊಲೀಸು, ಆಮೇಲೆ ಪೇಪರ್‌ನೋರು. ಇವರ ನಾಯಕ ಇವರನ್ನೇ ಕೊಂದ ಅಂತ ಬರೀತಾರೆ. ಕಾಲ ಹೇಗಿದೆ ಗೊತ್ತಲ್ವಾ? ನನ್ನ ಹೆಸರು ಹಾಳಾದ್ರೆ ನನ್ನೊಬ್ಬಂದು ಹಾಳಾಗಲ್ಲ. ಮುಂದಿನ ಸಲ ನಿಮ್ಮ ಹುಡುಗರನ್ನ ಬಿಡಿಸೋಕೆ ಯಾರು ಹೋಗ್ತಾರೆ ಹೇಳಿ?"

"ಅದು ಸರಿ ಸಾಹೇಬ್ರೆ. ಆದ್ರೆ ವೈರು..."

"ಮಾಡಿಸೋಣ. ಈ ತನಿಖೆ ಮುಗೀಲಿ. ಈಗ ಮುಟ್ಟಿದ್ರೆ ತಪ್ಪು ಒಪ್ಪಿಕೊಂಡ ಹಾಗಾಗಲ್ವಾ?"

ಅಂದರೆ ಸಾಹೇಬರಿಗೆ ಎಲ್ಲ ಗೊತ್ತು. ಗೊತ್ತಿದ್ದೇ ಅವಳನ್ನು ಅಲ್ಲಿ ನಿಲ್ಲಿಸಿದ್ದಾರೆ. ಚಾಚಾ ಚಹಾ ಕುಡಿದು, ಸಲಾಮು ಹೇಳಿ ಬಂದ. ಹೌದು, ಚಹಾನೂ ಕುಡಿದ. ಅವನ ಮೇಲೆ ಅವನಿಗೇ ಹೇಸಿಗೆಯಾಯಿತು.

ಮಾರನೇ ದಿನ ಮಧ್ಯಾಹ್ನ ತಟ್ಟೆಯ ಮುಂದೆ ಕೂತವನು ತುತ್ತು ಎತ್ತಲಿಲ್ಲ.

"ಅನ್ನ ನೋಡೋಕೆ ಬಡಿಸಿದ್ದಲ್ಲ" ಎಂದಳು ಚಾಚಿ. "ನಾಲ್ಕು ದಿನದಿಂದ ನೋಡ್ತಿದೀನಿ. ಮೈ ಸರಿಯಿಲ್ವಾ, ಮನಸ್ಸು ಸರಿಯಿಲ್ವಾ?"

"ತೊಳೆಯುವಾಗ ಒಂದು ಕಂಡೆ."

ಚಾಚಿಯ ಕೈ ಅಲ್ಲೇ ನಿಂತಿತು. ಮೂವತ್ತು ವರ್ಷದಲ್ಲಿ ಆ ಮನೆಯೊಳಗೆ ಯಾರೂ ಆಡದ ಮಾತು. ಬಾಯಿ ಮುಚ್ಚಿ ಎನ್ನುತ್ತಾಳೆಂದು ಅವನು ಕಾದ. ಅವಳು ಎನ್ನಲಿಲ್ಲ. ಅವನು ಎಲ್ಲವನ್ನೂ ಹೇಳಿದ. ಅಂಗೈ, ಅಂಗಾಲು, ತಾನು ಹೇಳಿದ ಸುಳ್ಳು, ನೀಲಿಕೈಯ ಹೆಂಡತಿಯ ಜುಮ್ ಎನ್ನುವ ಕೈ.

ಚಾಚಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನೂ ಒಂದನ್ನ ಮುಚ್ಚಿಟ್ಟಿದೀನಿ ರೀ" ಎಂದಳು. "ಹಿಂದಿನ ಬೀದಿಯ ಆ ಸೊಸೆ ಇದ್ಲಲ್ಲ, ಜ್ವರ ಬಂದು ಹೋದ್ಲು ಅಂದ್ರು. ಜ್ವರ ಅಲ್ಲ. ಕುತ್ತಿಗೆಯಲ್ಲಿ ಐದು ಬೆರಳು ಮೂಡಿತ್ತು. ಕಂಡಿದ್ದು ಹೇಳಬಾರದು ಅಂತ ಸುಮ್ಮನಾದೆ. ಅವಳ ಗಂಡ ವರ್ಷದೊಳಗೆ ಇನ್ನೊಂದು ಮದುವೆ ಆದ."

"ಆಮೇಲೆ?"

"ಆಮೇಲೆ ಏನು? ಅವಳನ್ನೂ ನಾನೇ ತೊಳೆದೆ."

ಚಾಚಿ ಬಿಕ್ಕಿ ಬಿಕ್ಕಿ ಅತ್ತಳು. ಮುಖ ಒರೆಸಿಕೊಂಡು ಹೇಳಿದಳು: "ಮುಚ್ಚು ಅಂದಿದ್ದು ಸತ್ತವರ ಮಾನ ಕಾಯೋಕೆ ರೀ, ಕೊಂದವರ ಮಾನ ಕಾಯೋಕಲ್ಲ. ಅಷ್ಟು ತಿಳಿಯೋಕೆ ನನಗೆ ಎರಡು ಹೆಣ ಬೇಕಾಯ್ತು. ನಿಮಗೂ ಬೇಕಾ?"

ಅವನು ಕೈ ತೊಳೆದು ಎದ್ದ.

ಅಧಿಕಾರಿ ಬಂದಿದ್ದು ಅದೇ ಮಧ್ಯಾಹ್ನ. ಕಾರ್ಖಾನೆಗಳ ತನಿಖೆ ಮಾಡುವ ಹೆಂಗಸು, ಕೈಯಲ್ಲೊಂದು ಫೈಲು. ಚಾಚಾ ಶೆಡ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ವಿಚಾರಣೆ ಶುರುವಾಗಿತ್ತು. ಸಾಹೇಬರು, ಮೇಸ್ತ್ರಿ ಒಣ ಜಾಗದಲ್ಲಿ ನಿಂತಿದ್ದರು. ಕೆಲಸದವರು ನೀರಿನಲ್ಲಿ. ನೀಲಿಕೈಯ ಹೆಂಡತಿ ಯಂತ್ರದ ಹತ್ತಿರ.

"ಮೃತನ ಹೆಂಡತಿ ಜೊತೆ ಮಾತಾಡಬೇಕು" ಎಂದಳು ಅಧಿಕಾರಿ.

"ಆಕೆ ಇದ್ದತ್‌ನಲ್ಲಿದ್ದಾಳೆ ಮೇಡಂ. ವಿಚಾರಣೆ, ಸಾಕ್ಷಿ ಅಂತ ಹೊರಗಿನವರ ಮುಂದೆ ಬರೋ ಹಾಗಿಲ್ಲ. ಧರ್ಮದ ವಿಷಯ, ತಾವು ಗೌರವಿಸಬೇಕು" ಎಂದರು ಸಾಹೇಬರು.

ಅಧಿಕಾರಿ ಗಲಿಬಿಲಿಗೊಂಡಳು. ಧರ್ಮ ಎಂದ ಕೂಡಲೇ ಸರ್ಕಾರದ ಪೆನ್ನು ಹಾಗೇ ನಿಂತುಬಿಡುತ್ತದೆ. ಅಷ್ಟರಲ್ಲಿ ಯಂತ್ರದ ಹತ್ತಿರದಿಂದ ದನಿ ಬಂತು.

"ಸಾಹೇಬ್ರೆ, ಬಟ್ಟೆ ಹಿಂಡೋಕೆ ಅಡ್ಡ ಬರದ ಇದ್ದತ್ತು ಬಾಯಿ ಬಿಡೋಕೆ ಅಡ್ಡ ಬರುತ್ತಾ?"

ಯಾರೋ ಕಿಸಕ್ಕೆಂದರು. ಮೇಸ್ತ್ರಿ ಕಣ್ಣು ಕೆಕ್ಕರಿಸಿದ. ಅವಳು ಮುಂದೆ ಬಂದಳು. ಆದರೆ ಪಾಪ, ಹೇಳಲು ಅವಳ ಹತ್ತಿರ ಏನಿತ್ತು?

"ನಂಗೇನೂ ಗೊತ್ತಿಲ್ಲ ಮೇಡಂ. ಗಾಯ ಇತ್ತಾ ಅಂತ ಮೈ ತೊಳೆದ ಚಾಚಾನ ಕೇಳಿದ್ದೆ. ಏನೂ ಇರ್ಲಿಲ್ಲ, ಮಲಗಿದ ಹಾಗಿದ್ದ ಅಂದ್ರು. ಚಾಚಾ ಸುಳ್ಳು ಹೇಳಲ್ಲ."

ಅಧಿಕಾರಿ ಬರೆದುಕೊಂಡಳು. "ಅಂದ್ರೆ ಮೈ ತೊಳೆದವರೇ ಗಾಯ ಇಲ್ಲ ಅಂದಿದಾರೆ. ಡಾಕ್ಟರೂ ಹಾಗೇ ಬರೆದಿದಾರೆ. ಹಾಗಾದ್ರೆ ಇದರಲ್ಲಿ ಇನ್ನೇನೂ ಉಳಿಯಲಿಲ್ಲ." ಫೈಲು ಮುಚ್ಚಿದಳು. ಬಾಯ್ಲರ್‌ನವನು ಹಲ್ಲು ಕಚ್ಚಿ ಮುಖ ತಿರುಗಿಸಿದ. ಸಾಹೇಬರು ನಿಟ್ಟುಸಿರು ಬಿಟ್ಟರು. ನೀಲಿಕೈಯ ಹೆಂಡತಿ ಮತ್ತೆ ಯಂತ್ರದ ಕಡೆ ತಿರುಗಿ ಹಿಡಿಗೆ ಕೈಚಾಚಿದಳು.

"ಮುಟ್ಟಬೇಡ!"

ಚಾಚಾನ ಗಂಟಲಿನಿಂದ ಅಷ್ಟು ದೊಡ್ಡ ದನಿ ಯಾರೂ ಕೇಳಿರಲಿಲ್ಲ. ಅವನು ಚಪ್ಪಲಿ ಸಮೇತ ನೀರಿಗೆ ಇಳಿದು ಬಂದ.

"ಗಾಯ ಇತ್ತು ಮೇಡಂ. ಬಲ ಅಂಗೈಯಲ್ಲಿ ಒಂದು, ಎಡ ಅಂಗಾಲಲ್ಲಿ ಒಂದು. ಸುಟ್ಟ ಗಾಯ. ಎದೆ ಸುಮ್ಮನೆ ನಿಂತಿದ್ದಲ್ಲ, ಈ ಯಂತ್ರ ನಿಲ್ಲಿಸ್ತು. ನಂಬಿಕೆ ಇಲ್ದೆ ಇದ್ರೆ ಗೋರಿ ತೆಗೆಸಿ ನೋಡಿ."

"ಚಾಚಾ!" ಎಂದರು ಸಾಹೇಬರು. "ದೇವರಿಗೆ ಏನಂತ ಉತ್ತರ ಕೊಡ್ತೀರಾ?"

"ಅದೇ ಭಯ ಸಾಹೇಬ್ರೆ, ಇಷ್ಟು ದಿನ ನಿದ್ದೆ ಇಲ್ಲ" ಎಂದ ಚಾಚಾ. "ನನ್ನ ಮಗನ್ನ ಬಿಡಿಸಿದ್ರಿ, ಸಾಯೋವರೆಗೂ ಮರೆಯಲ್ಲ. ಆದ್ರೆ ಆ ಋಣ ನಂದು. ಅದನ್ನ ಇವಳ ಜೀವದಿಂದ ತೀರಿಸೋಕೆ ನನಗೇನು ಹಕ್ಕು? ಮೇಸ್ತ್ರಿ, ನೀನೂ ನೋಡಿದೀಯ. ನೀರು ಹೊಯ್ದಿದ್ದು ನೀನೇ."

ಮೇಸ್ತ್ರಿ ತನ್ನ ಬೂಟು ನೋಡಿಕೊಂಡ.

ಮೊದಲು ಬಾಯ್ಲರ್‌ನವನು ನೀರಿನಿಂದ ಹೊರಗೆ ಬಂದು ಒಣ ನೆಲದ ಮೇಲೆ ನಿಂತ. ಅವನ ಹಿಂದೆ ಇಬ್ಬರು ಹೆಂಗಸರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. "ಕೆಲಸ ನಿಲ್ಲಿಸಬೇಡಿ, ಇದು ನಮ್ಮನಮ್ಮ ಮನೆ ವಿಷಯ" ಎಂದರು ಸಾಹೇಬರು. "ಮನೆ ಆಗಿದ್ರೆ ನೀವೂ ಬರಿಗಾಲಲ್ಲಿ ಬಂದು ನಿಂತ್ಕೊಳ್ಳಿ ಸಾಹೇಬ್ರೆ" ಎಂದಳು ತಲೆ ನೆರೆತ ಒಬ್ಬ ಕೆಲಸದಾಕೆ. ಸಾಹೇಬರು ನಿಂತಲ್ಲಿಂದ ಅಲುಗಲಿಲ್ಲ. ಯಾರೋ ಹೋಗಿ ಕರೆಂಟಿನ ದೊಡ್ಡ ಸ್ವಿಚ್ಚು ಇಳಿಸಿದರು. ಶೆಡ್ಡು ತಣ್ಣಗಾಯಿತು.

ನೀರಿನಲ್ಲಿ ಉಳಿದಿದ್ದು ಅವಳು ಮತ್ತು ಚಾಚಾ ಮಾತ್ರ. ಅವಳು ಅವನನ್ನೇ ನೋಡುತ್ತಿದ್ದಳು. ಬೈದಿದ್ದರೆ, ಎದೆಗೆ ಗುದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅಧಿಕಾರಿ ಹೊಸ ಹಾಳೆ ತೆಗೆದಳು. "ಹೇಳಿಕೆ ಬರ್ಕೋಬೇಕು. ಮೃತರಿಗೆ ನೀವೇನಾಗಬೇಕು?"

"ಏನೂ ಆಗಬೇಕಾಗಿಲ್ಲ ಮೇಡಂ. ಅವನ ಮೈ ತೊಳೆದೋನು."

"ನನಗೆ ಸುಳ್ಳು ಹೇಳಿದೋನು ಅಂತಾನೂ ಬರ್ಕೊಳ್ಳಿ ಮೇಡಂ" ಎಂದಳು ಅವಳು. ದನಿಯಲ್ಲಿ ಅಳು ಇರಲಿಲ್ಲ. "ಮಾಲೀಕರದ್ದು ಬರೆಯೋವಾಗ ಇವರದ್ದೂ ಬರೀರಿ. ಯಾರದ್ದೂ ಬಿಡಬೇಡಿ."

ಅಧಿಕಾರಿ ಪೆನ್ನು ಹಿಡಿದು ಚಾಚಾನ ಮುಖ ನೋಡಿದಳು.

"ಬರ್ಕೊಳ್ಳಿ ಮೇಡಂ" ಎಂದ ಚಾಚಾ. "ಮೊದಲು ಅದನ್ನೇ ಬರ್ಕೊಳ್ಳಿ."